ವಾಲ್ಯೂಮ್ ಕಂಟ್ರೋಲಿಗೆ ಮಗ್ಗದ ಎಣ್ಣೆ ಬಿಟ್ಟಿದ್ದು

ನಮ್ಮ ಮನೆ ಬನಹಟ್ಟಿಯಲ್ಲಿ. ಮುಂದಿನ ಪಡಸಾಲೆಯಲ್ಲಿ ನಾವು, ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್. ಮಗ್ಗದ ಮನೆಯವರಿಗೆ ಒಂದು ಚಟ ಇರುತ್ತದೆ. ಏನಾದರೂ ಕಿರುಗುಟ್ಟಿದರೆ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ಬಾಗಿಲಿನ ತಿರುಗಣಿಗೂ ಅದೇ ಎಣ್ಣೆ, ಸೈಕಲ್ ಚೈನಿಗೂ ಅದೇ. ಅಪ್ಪನ ಹಳೆಯ ಎರಡು ಬ್ಯಾಂಡಿನ ರೇಡಿಯೊ, ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರ್ರ್ ಕರ್ರ್ ಅನ್ನಲು ಶುರು ಮಾಡಿತು. "ಎರಡ ಹನಿ ಎಣ್ಣಿ ಬಿಡು, ಸುಮ್ನಾಗತೈತಿ" ಅಂದರು ಅಪ್ಪ. ಬಿಟ್ಟೆ. ನಿಜಕ್ಕೂ ಸುಮ್ಮನಾಯಿತು.

ಎರಡು ದಿನ ಮಾತ್ರ. ಮೂರನೇ ದಿನ ಮೊದಲಿಗಿಂತ ಜಾಸ್ತಿ ಗಲಾಟೆ. ವಾರ ಕಳೆಯುವಷ್ಟರಲ್ಲಿ ಅರ್ಧ ತಿರುಗಿಸಿದರೆ ಸೌಂಡೇ ಇಲ್ಲ, ಇನ್ನೂ ಸ್ವಲ್ಪ ತಿರುಗಿಸಿದರೆ ಮನೆಯೆಲ್ಲ ಬೆಚ್ಚಿಬೀಳುವ ಹಾಗೆ ಕೂಗು.

ಕಂಟ್ರೋಲ್ ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಹಿಂಬದಿಯ ತಗಡಿನ ನಾಲ್ಕು ಕಿವಿಗಳನ್ನು ಮೆಲ್ಲಗೆ ಎಬ್ಬಿಸಿದರೆ ಅದು ಎರಡು ಭಾಗವಾಗುತ್ತದೆ. ಒಳಗೆ ಕುದುರೆ ಲಾಳದ ಆಕಾರದ ಕರಿ ಪಟ್ಟಿ, ಅಂದರೆ ಕಾರ್ಬನ್ ಟ್ರ್ಯಾಕ್. ಅದರ ಮೇಲೆ ಒಂದು ಸಣ್ಣ ಸ್ಪ್ರಿಂಗ್ ಬೆರಳು ಜಾರುತ್ತಾ ಹೋಗುತ್ತದೆ. ಬೆರಳು ಎಲ್ಲಿ ನಿಲ್ಲುತ್ತದೋ ಅಷ್ಟು ಸೌಂಡ್. ಬೆರಳಿಗೂ ಪಟ್ಟಿಗೂ ನಡುವೆ ಏನೇ ಸಿಕ್ಕಿಕೊಂಡರೂ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತದೆ. ಅದೇ ಕರ್ರ್. ನಮ್ಮ ಮನೆಯ ಗಾಳಿಯಲ್ಲಿ ಇಡೀ ದಿನ ನೂಲಿನ ದೂಳು ಹಾರಾಡುತ್ತದೆ. ಮಗ್ಗದ ಎಣ್ಣೆ ಅದನ್ನೆಲ್ಲ ಹಿಡಿದು, ಸವೆದ ಕಾರ್ಬನ್ ಪುಡಿಯ ಜೊತೆ ಕಲಸಿ, ಕಾಡಿಗೆಯಂಥ ಮುದ್ದೆ ಮಾಡಿತ್ತು. ಮೊದಲೆರಡು ದಿನ ಚೆನ್ನಾಗಿದ್ದದ್ದು ಯಾಕೆ? ಎಣ್ಣೆ ಕೊಳೆಯನ್ನು ತೆಗೆದಿರಲಿಲ್ಲ, ಪಕ್ಕಕ್ಕೆ ತಳ್ಳಿತ್ತು ಅಷ್ಟೇ.

ತಪ್ಪು ಗೊತ್ತಾಯಿತು. ಮೊದಲು ತೊಳೆಯಬೇಕು, ಆಮೇಲೆ ಬೇಕಿದ್ದರೆ ಜಾರಿಸಬೇಕು. ಎರಡೂ ಬೇರೆ ಕೆಲಸ. ಮಗ್ಗದಲ್ಲಿ ಎರಡನ್ನೂ ಒಂದೇ ಡಬ್ಬಿಯಿಂದ ಮಾಡಿ ಅಭ್ಯಾಸ.

ಹಾಗಾದರೆ ಯಾವುದರಿಂದ ತೊಳೆಯುವುದು? ಮನೆಯಲ್ಲಿದ್ದ ಡಬ್ಲ್ಯೂಡಿ-40 ಕೈಗೆ ಬಂತು, ವಾಪಸ್ ಇಟ್ಟೆ. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವ ದ್ರವ, ನಲವತ್ತನೇ ಪ್ರಯತ್ನ ಅಂತ. ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯದೇ. ಆದರೆ ಹಿಂದೆ ಎಣ್ಣೆಯ ಪದರ ಉಳಿಸುತ್ತದೆ, ನಮ್ಮಂಥ ಮನೆಯಲ್ಲಿ ಮತ್ತೆ ಅದೇ ಕಾಡಿಗೆ. ಹಳೆಯ ರಿಪೇರಿಯವರು ಸಿಟಿಸಿ, ಅಂದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸುತ್ತಿದ್ದರು. ಅದು ಲಿವರ್ ಹಾಳು ಮಾಡುತ್ತದೆ, ಓಜೋನ್ ಪದರಕ್ಕೂ ಕೆಟ್ಟದ್ದು. ಎಲ್ಲೋ ಮೂಲೆಯಲ್ಲಿ ಹಳೆ ಬಾಟಲಿ ಸಿಕ್ಕರೂ ಮುಟ್ಟಬೇಡಿ. ನೇಲ್ ಪಾಲಿಶ್ ರಿಮೂವರ್ ಅಂತೂ ನಾನೇ ಮಾಡಿದ ಹುಚ್ಚುತನ. ಡಯಲ್ ಮೇಲೆ ಒಂದೇ ಒಂದು ಹನಿ ಬಿತ್ತು, ಆ ಜಾಗ ಮಬ್ಬಾಗಿ ಎರಡು ಅಂಕಿ ಅಳಿಸಿಹೋದವು. ಕೊನೆಗೆ ಬೆಳಗಾವಿಗೆ ಹೋದಾಗ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದೆ. ಬರೀ ಒಣಗಿ ಹೋಗುವಂಥದ್ದಲ್ಲ, ತೊಳೆದ ಮೇಲೆ ತೆಳ್ಳಗೆ ಜಾರು ಪದರ ಬಿಡುವಂಥದ್ದು. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ತಗೊಳ್ಳಿ. ಜೊತೆಗೆ ಎಣ್ಣೆಯ ಮುದ್ದೆ ಒರೆಸಲು ಒಂದು ಬಾಟಲಿ ಐಸೋಪ್ರೊಪೈಲ್ ಆಲ್ಕೊಹಾಲ್, ಅಂದರೆ ಬೇಗ ಆರುವ ಸ್ಪಿರಿಟ್.

ಹೀಗೆ ಬಿಚ್ಚಿ ಎಣ್ಣೆ ಒರೆಸುವ ಪಾಡು ನಿಮಗೆ ಬರಬೇಕಿಲ್ಲ. ಎಣ್ಣೆ ಬಿಡದ ಕಂಟ್ರೋಲ್ ಆದರೆ ಅದನ್ನು ಬಿಚ್ಚದೆಯೇ, ರೇಡಿಯೊದ ಮುಚ್ಚಳ ಮಾತ್ರ ತೆಗೆದು ತೊಳೆಯಬಹುದು. ಮೊದಲು ಸೆಲ್ ತೆಗೆಯಿರಿ. ಕರೆಂಟಿನದ್ದಾದರೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ನಾಬ್ ಬಿಗಿಯಾಗಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಕ್ಯಾಬಿನೆಟ್ ಗಾಯ ಆಗುತ್ತದೆ. ನಾಲ್ಕೈದು ಎಳೆ ಗಟ್ಟಿ ನೂಲನ್ನು ನಾಬಿನ ಹಿಂದೆ ಸುತ್ತಿ ಎರಡೂ ತುದಿ ಹಿಡಿದು ನೇರ ಎಳೆದರೆ ಸಲೀಸಾಗಿ ಬರುತ್ತದೆ. ನೂಲಿಗೆ ನಮ್ಮಲ್ಲಿ ಏನು ಬರ!

ಕಂಟ್ರೋಲಿನ ಮೂರು ಕಾಲು ಹೊರಬರುವ ಕಡೆ ಸಣ್ಣ ಸಂದಿ ಇರುತ್ತದೆ. ಸ್ಪ್ರೇ ನಳಿಕೆ ಅಲ್ಲಿಟ್ಟು ಒಂದು ಕ್ಷಣ ಒತ್ತಿದರೆ ಸಾಕು. ತಕ್ಷಣ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಬೇಕು. ಕೊಳೆ ತೆಗೆಯುವುದು ಬರೀ ದ್ರವ ಅಲ್ಲ, ಈ ತಿರುಗಾಟ. ರೇಡಿಯೊ ವಾಲಿಸಿ ಕರಿ ನೀರು ಬಟ್ಟೆಯ ಮೇಲೆ ಇಳಿಯಲು ಬಿಡಿ. ಮತ್ತೊಂದು ಸಲ ಹಾಗೇ. ಎರಡನೇ ಸಲ ಇಳಿದದ್ದು ಹೆಚ್ಚುಕಡಿಮೆ ತಿಳಿಯಾಗಿದ್ದರೆ ಕೆಲಸ ಆಯಿತು. ಈ ದ್ರವಗಳಿಗೆ ಬೆಂಕಿ ಬೇಗ ಹತ್ತುತ್ತದೆ. ಅದಕ್ಕೆ ಪೂರ್ತಿ ಆರುವ ತನಕ ನಾನು ಆನ್ ಮಾಡುವುದಿಲ್ಲ, ಅರ್ಧ ಗಂಟೆ ಚಹಾ ಕುಡಿದು ಬರುತ್ತೇನೆ.

ಒಂದು ತೊಂದರೆ ಇದೆ. ಸ್ಪ್ರೇ ಹೆಚ್ಚಾದರೆ ಸ್ಪಿಂಡಲ್‌ನಲ್ಲಿ, ಅಂದರೆ ನಾಬ್ ಕೂರುವ ಸರಳಿನಲ್ಲಿ, ಕಂಪನಿಯವರು ಹಾಕಿದ ಗಟ್ಟಿ ಗ್ರೀಸೂ ತೊಳೆದುಹೋಗುತ್ತದೆ. ಆಮೇಲೆ ನಾಬ್ ಗಿರಗಿರ ತಿರುಗುತ್ತದೆ, ಕೈಗೆ ಆ ಹಳೆಯ ತೂಕವೇ ಸಿಗುವುದಿಲ್ಲ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಸಿಲಿಕೋನ್ ಗ್ರೀಸ್ ತಗೊಂಡು ಸ್ಪಿಂಡಲ್ ಬುಡಕ್ಕೆ ಹಚ್ಚಿದೆ. ಟ್ರ್ಯಾಕಿಗಲ್ಲ, ಬುಡಕ್ಕೆ.

ರೇಡಿಯೊದ ಬ್ಯಾಂಡ್ ಬದಲಿಸುವ ಸ್ವಿಚ್ಚಿನ ಕಥೆ ಬೇರೆ. ಅದರ ಕಾಂಟ್ಯಾಕ್ಟ್‌ಗಳಿಗೆ ಬೆಳ್ಳಿಯ ತೆಳು ಲೇಪ ಇರುತ್ತದೆ. ಕರ್ರಗಾಗಿದೆ ಅಂತ ಎಮರಿ ಪೇಪರ್ ಹಾಕಿ ಉಜ್ಜಿದರೆ ಬೆಳ್ಳಿಯೇ ಹೋಗಿ ಕೆಳಗಿನ ಹಿತ್ತಾಳೆ ಕಾಣುತ್ತದೆ, ಅದು ಇನ್ನೂ ಬೇಗ ಕೆಡುತ್ತದೆ. ಗಟ್ಟಿ ಕಾಗದದ ಪಟ್ಟಿಯನ್ನು ಆಲ್ಕೊಹಾಲ್‌ನಲ್ಲಿ ಅದ್ದಿ ಸಂದಿಯಲ್ಲಿ ತೂರಿಸಿ ಎಳೆದೆ. ಲಗ್ನಪತ್ರಿಕೆಯ ಕಾಗದ ಇದಕ್ಕೆ ಬೆಸ್ಟ್.

ರೇಡಿಯೊ ಸರಿಹೋದ ಸುದ್ದಿ ಓಣಿಗೆ ಹಬ್ಬಿತು. ಭಜನೆಯವರ ಆಂಪ್ಲಿಫೈಯರ್ ಬಂತು. ಅದನ್ನು ಎರಡು ಸಲ ತೊಳೆದೆ, ಕಂಟ್ರೋಲ್ ಬಿಚ್ಚಿಯೂ ನೋಡಿದೆ. ಒಳಗೆ ಕನ್ನಡಿಯ ಹಾಗೆ ಸ್ವಚ್ಛ, ಆದರೂ ತಿರುಗಿಸಿದರೆ ಕರ್ರ್. ಮೂರು ಸಂಜೆ ಹಾಳಾದ ಮೇಲೆ ಮಲ್ಟಿಮೀಟರ್ ಹಿಡಿದೆ. ಕಂಟ್ರೋಲಿನ ಕಾಲುಗಳ ಮೇಲೆ ಡಿಸಿ ವೋಲ್ಟೇಜ್, ಅಂದರೆ ಸೆಲ್ಲಿನಂತೆ ಒಂದೇ ದಿಕ್ಕಿನ ವೋಲ್ಟೇಜ್ ತೋರಿಸಿತು, ಅಲ್ಲಿ ಅದು ಇರಬಾರದು. ಕಂಟ್ರೋಲಿಗಿಂತ ಮೊದಲು ಕೂತು, ಡಿಸಿ ತಡೆದು ಸೌಂಡನ್ನಷ್ಟೇ ದಾಟಿಸಬೇಕಾದ ಕಪ್ಲಿಂಗ್ ಕೆಪಾಸಿಟರ್ ಡಿಸಿಯನ್ನೂ ಸೋರಲು ಬಿಡುತ್ತಿತ್ತು. ಟ್ರ್ಯಾಕಿನ ಮೇಲೆ ಡಿಸಿ ಬಂದರೆ ಸ್ವಚ್ಛ ಕಂಟ್ರೋಲೂ ಕರ್ರ್ ಅನ್ನುತ್ತದೆ. 10 ಮೈಕ್ರೋಫ್ಯಾರಡ್‌ನ ಹೊಸದನ್ನು ಹಾಕಿದೆ, ಸದ್ದು ಮಾಯ. ಆವತ್ತಿನಿಂದ ಒಂದು ಸಲ ತೊಳೆದರೂ ಹೋಗದಿದ್ದರೆ ಸ್ಪ್ರೇ ಡಬ್ಬಿ ಕೆಳಗಿಟ್ಟು ಮೀಟರ್ ಎತ್ತಿಕೊಳ್ಳುತ್ತೇನೆ.

ಮಗ್ಗದ ಶೆಡ್ಡಿನ ಫ್ಯಾನ್ ರೆಗ್ಯುಲೇಟರ್‌ನಲ್ಲಿ ಮಾತ್ರ ನಿಜವಾಗಲೂ ಹೆದರಿದ್ದೆ. ಹಳೆಯ ದೊಡ್ಡ ಡಬ್ಬಿ, ಒಳಗೆ ಸುರುಳಿ ಸುತ್ತಿದ ರೆಸಿಸ್ಟೆನ್ಸ್ ತಂತಿ, ಐದು ಹಿತ್ತಾಳೆ ಗುಂಡು, ಮೇಲೆ ಜಾರುವ ತೋಳು. ಎರಡು, ನಾಲ್ಕನೇ ನಂಬರಿಗೆ ಫ್ಯಾನ್ ನಿಲ್ಲುತ್ತಿತ್ತು. ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಬಿಚ್ಚಿದೆ. ಹಿತ್ತಾಳೆ ಗುಂಡುಗಳ ಮೇಲೆ ಕಿಡಿ ಹಾರಿ ಕರಿ ಕಟ್ಟಿತ್ತು. ಇಲ್ಲಿ ಎಮರಿ ನಡೆಯುತ್ತದೆ, ಗುಂಡು ಪೂರ್ತಿ ಹಿತ್ತಾಳೆ, ಲೇಪ ಅಲ್ಲ. ಉಜ್ಜಿ, ಪುಡಿ ಒರೆಸಿ, ಸಡಿಲಾದ ತೋಳನ್ನು ಚೂರು ಬಗ್ಗಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ಚಟ ಬಿಡುತ್ತದೆಯೇ? ಸಲೀಸಾಗಲಿ ಅಂತ ವ್ಯಾಸಲೀನ್ ಸವರಿದೆ. ಈ ರೆಗ್ಯುಲೇಟರ್ ಫ್ಯಾನಿಗೆ ಕೊಡದೆ ಉಳಿಸಿದ ವಿದ್ಯುತ್ತನ್ನು ತನ್ನೊಳಗೇ ಬಿಸಿಯಾಗಿ ಕಳೆಯುತ್ತದೆ. ಏಪ್ರಿಲ್ ಬಿಸಿಲು ಬೇರೆ. ವ್ಯಾಸಲೀನ್ ಕರಗಿ ತಂತಿಯ ಮೇಲೆ ಇಳಿಯಿತು, ಅದಕ್ಕೆ ನೂಲಿನ ದೂಳು ಅಂಟಿತು. ಸುಟ್ಟ ವಾಸನೆ ಬಂದಾಗ ಮೇನ್ ಸ್ವಿಚ್ಚಿಗೆ ಓಡಿದೆ. ಮುಚ್ಚಳ ತೆಗೆದರೆ ತಂತಿಯ ಸುತ್ತ ಕಂದು ಬಣ್ಣದ ಅರಳೆ. ಸ್ವಲ್ಪ ತಡವಾಗಿದ್ದರೆ ಮೇಲಿದ್ದ ಸೀರೆಯ ಗಂಟಿಗೂ ಹತ್ತುತ್ತಿತ್ತು. ಈಗ ಆ ಗುಂಡುಗಳಿಗೆ ಏನೂ ಹಚ್ಚುವುದಿಲ್ಲ, ಒಣ ಹಿತ್ತಾಳೆಯೇ. ತಿಂಗಳಿಗೊಮ್ಮೆ ಮೇನ್ ಇಳಿಸಿ ಬ್ರಷ್‌ನಿಂದ ದೂಳು ಝಾಡಿಸುತ್ತೇನೆ.

ಅಪ್ಪನ ರೇಡಿಯೊದಲ್ಲಿ ಇನ್ನೊಂದು ಉಳಿದಿತ್ತು. ತೊಳೆದ ಮೇಲೂ ಕಾಲು ಭಾಗದ ಹತ್ತಿರ ಒಂದು ಕಡೆ ಸೌಂಡ್ ಸತ್ತುಹೋಗುತ್ತಿತ್ತು. ಲೆನ್ಸ್ ಹಿಡಿದು ನೋಡಿದರೆ ಅಷ್ಟು ಜಾಗದಲ್ಲಿ ಕಾರ್ಬನ್ ಸವೆದು ಬಿಳಿ ಗೀರು. ಬೆಳಿಗ್ಗೆ ಮಗ್ಗ ಹಾಕುವ ಮೊದಲು, ಮನೆಯವರಿಗೆ ಎಚ್ಚರ ಆಗದ ಹಾಗೆ, ಅಪ್ಪ ಧಾರವಾಡ ಆಕಾಶವಾಣಿ ಇಟ್ಟುಕೊಳ್ಳುತ್ತಿದ್ದ ಸೌಂಡ್ ಅದು. ವರ್ಷಗಟ್ಟಲೆ ಬೆರಳು ಅಲ್ಲೇ ಹಿಂದೆ ಮುಂದೆ ಆಡಿದೆ. ಇದಕ್ಕೆ ಯಾವ ಸ್ಪ್ರೇಯೂ ಆಗುವುದಿಲ್ಲ. ಹೊಸ ಕಂಟ್ರೋಲ್ ಹುಡುಕಿದೆ, ಹಿಂಬದಿಗೆ ಸ್ವಿಚ್ ಇರುವ ಅದೇ ಅಳತೆಯದು ಸಿಗಲಿಲ್ಲ. ಚಿಮಟದಿಂದ ಸ್ಪ್ರಿಂಗ್ ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಗ್ಗಿಸಿದೆ. ಈಗ ಅದು ಹಳೆಯ ಗೀರಿನ ಪಕ್ಕ ಹೊಸ ದಾರಿಯಲ್ಲಿ ಓಡುತ್ತದೆ. ಅಪ್ಪ ಬಂದು ಟಕ್ ಅಂತ ಆನ್ ಮಾಡಿ, ನೋಡದೆಯೇ ಮತ್ತೆ ಅದೇ ಜಾಗಕ್ಕೆ ತಿರುಗಿಸಿಟ್ಟರು.