ಲಾಟ್ 12 ತೆಗಿ ಅಂದರೆ 13 ಮಾಯವಾಯ್ತು

ನಮ್ಮ ಮಾವ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿ ನಡೆಸ್ತಾರೆ. ಲಾಟ್, ಬಾಕ್ಸು, ರೇಟು ಎಲ್ಲ ಬರೆದಿಡೋಕೆ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಹರಾಜಿನಲ್ಲಿ ಕೂಗಿದ ರೇಟು ಒಂದು ಲಿಸ್ಟಿನಲ್ಲಿ, ಬಿಲ್ಲಿಗೆ ಬಂದ ರೇಟು ಇನ್ನೊಂದರಲ್ಲಿ. ಎರಡೂ ತಾಳೆಯಾಗದಿದ್ದರೆ ಆ ಸಾಲು ಕೆಂಪಾಗಬೇಕು. ಇಷ್ಟೇ ಕೆಲಸ.

ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಆಗ 15 ಕೆಜಿ ಬಾಕ್ಸು 80, 90, 110 ರೂಪಾಯಿ. ಒಂದು ಬೆಳಗ್ಗೆ ರೇಟು 140ಕ್ಕೆ ಹೋಯಿತು ನೋಡಿ, ಸ್ಕ್ರೀನ್ ಪೂರ್ತಿ ಕೆಂಪು. ಎರಡೂ ಕಡೆ 140 ಅಂತಲೇ ಇದೆ, ಆದರೂ ತಾಳೆಯಿಲ್ಲವಂತೆ. ಮಾವ ಫೋನ್ ಮಾಡಿ, "ಏನೋ, ರೈತನಿಗೆ ನಾಲ್ಕು ಕಾಸು ಬಂದರೆ ನಿನ್ನ ಪ್ರೋಗ್ರಾಂಗೆ ಹೊಟ್ಟೆ ಉರಿಯತ್ತಾ?" ಅಂದರು.

ತಪ್ಪು ನನ್ನದೇ. ಎರಡೂ ಲಿಸ್ಟು ಇಂಟಿಜರ್ (ಪೂರ್ಣಾಂಕ) ತುಂಬಿದ ಸಾದಾ ಅರ್ರೇಲಿಸ್ಟ್, ಅಂದರೆ ಜಾವಾದ ಮಾಮೂಲಿ ಪಟ್ಟಿ. ಅದರಿಂದ ಗೆಟ್ ಅಂತ ಕರೆದು ತೆಗೆದರೆ ಬರೋದು ಬರೀ ಅಂಕೆಯಲ್ಲ, ಅಂಕೆಯನ್ನು ಡಬ್ಬಿಯಲ್ಲಿಟ್ಟ ಆಬ್ಜೆಕ್ಟ್. ಆ ಎರಡು ಡಬ್ಬಿಗಳನ್ನು ನಾನು ಎರಡು ಸಮ ಚಿಹ್ನೆ ಹಾಕಿ ಹೋಲಿಸಿದ್ದೆ. ಅದು ಕೇಳೋದು ಒಳಗಿನ ಅಂಕೆ ಒಂದೇನಾ ಅಂತಲ್ಲ, ಡಬ್ಬಿ ಅದೇನಾ ಅಂತ. ಮೈನಸ್ 128ರಿಂದ 127ರವರೆಗಿನ ಡಬ್ಬಿಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಕೇಳಿದಾಗೆಲ್ಲ ಅದನ್ನೇ ಕೊಡುತ್ತದೆ. ಅದಕ್ಕೇ 110 ರೂಪಾಯಿಯ ದಿನ ಸರಿಯಿತ್ತು. 127 ದಾಟಿದ ಮೇಲೆ ಪ್ರತಿ ಸಲ ಹೊಸ ಡಬ್ಬಿ. ಸದ್ಯ, ಇದು 2023ರ ಜುಲೈಯಲ್ಲಿ ಆಗಲಿಲ್ಲ. ಆಗ ಬಾಕ್ಸು 2,000 ದಾಟಿತ್ತು, ಮಂಡಿಯಲ್ಲಿ ಯಾರಿಗೂ ತಾಳ್ಮೆ ಇರಲಿಲ್ಲ.

ಒಳಗಿನ ಅಂಕೆಯನ್ನೇ ಹೋಲಿಸುವ ಈಕ್ವಲ್ಸ್ ಹಾಕಿ ಅದನ್ನು ಮುಚ್ಚಿದೆ. ಅಲ್ಲಿಗೇ ಬಿಟ್ಟೆ ಕೂಡ.

ಎರಡನೇ ಪೆಟ್ಟು ಜೋರಾಗಿ ಬಿತ್ತು. ಹರಾಜಿನ ರೇಟು ಒಪ್ಪಿಗೆಯಾಗದೆ ಒಬ್ಬರು ರೈತರು ಲಾಟ್ 12 ವಾಪಸ್ ತಗೊಂಡರು. ಗುಮಾಸ್ತ ಕ್ಯಾನ್ಸಲ್ ಒತ್ತಿದ. ನನ್ನ ಕೋಡಿನಲ್ಲಿ ಇದ್ದದ್ದು ಲಿಸ್ಟ್.ರಿಮೂವ್(ಲಾಟ್‌ನಂಬರ್). ಲಾಟ್‌ನಂಬರ್ ಇಂಟ್ (ಡಬ್ಬಿಯಿಲ್ಲದ ಬರೀ ಅಂಕೆ) ಆಗಿದ್ದರಿಂದ ಜಾವಾ ಅದನ್ನು 12 ಅನ್ನೋ ಜಾಗ ಅಂತ ತಿಳ್ಕೊಂಡಿತು. ಜಾಗದ ಎಣಿಕೆ ಸೊನ್ನೆಯಿಂದ ಶುರು ಅಲ್ವಾ, ಹಾಗಾಗಿ ಹಾರಿಹೋದದ್ದು 13ನೇ ಲಾಟ್. ಮಾಲೂರು ಕಡೆಯಿಂದ ಬಂದಿದ್ದ ಅಜ್ಜ ಚೀಟಿಗೆ ಅಂತ ಕೌಂಟರ್ ಮುಂದೆ ಒಂದು ಗಂಟೆ ನಿಂತಿದ್ದಾರೆ. ಅವರ ಲಾಟೇ ಪಟ್ಟಿಯಲ್ಲಿಲ್ಲ. ವಾಪಸ್ ಹೋದ ಲಾಟಿಗೆ ಮಾತ್ರ ಚೀಟಿ ಬಂದು ಕೂತಿದೆ.

ಅವತ್ತು ರಾತ್ರಿ ಕೂತು ಫಾಸ್ಟ್‌ಯುಟಿಲ್ ಅನ್ನೋ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಹಾಕಿದೆ. ಹುಡುಕಿದ್ದು ನಿಜ ಹೇಳಬೇಕೆಂದರೆ ಮೆಮೊರಿಗೆ. ಮಂಡಿಯ ಲ್ಯಾಪ್‌ಟಾಪು 2 ಜಿಬಿಯದ್ದು, ಹಳೇ ಲೆಕ್ಕ ತೆರೆದರೆ ಮೆಮೊರಿ ಸಾಲದು ಅಂತ ಬೀಳುತ್ತಿತ್ತು. ಸುಮಾರು 7 ಲಕ್ಷ ಸಾಲು, ಸಾಲಿಗೆ ಆರು ಅಂಕೆ. ಸಾಮಾನ್ಯ 64 ಬಿಟ್ ಜಾವಾದಲ್ಲಿ ಒಂದು ಡಬ್ಬಿಗೆ 16 ಬೈಟ್, ಅದನ್ನು ತೋರಿಸುವ ವಿಳಾಸಕ್ಕೆ 4. ಬರೀ ಇಂಟ್ ಆದರೆ ಒಟ್ಟು 4 ಬೈಟೇ. ಅಂದರೆ 84 ಎಂಬಿವರೆಗೆ ಹೋಗುವುದು 17 ಎಂಬಿ ಆಸುಪಾಸಿಗೆ ಇಳಿಯುತ್ತದೆ.

ಈ ಲೈಬ್ರರಿ ಇಟಲಿಯ ಮಿಲಾನಿನ ಪ್ರೊಫೆಸರ್ ಸೆಬಾಸ್ಟಿಯಾನೊ ವಿನ್ಯಾ ಅವರದ್ದು. ಇಂಟಿಗೊಂದು, ದೊಡ್ಡ ಅಂಕೆಯ ಲಾಂಗಿಗೊಂದು, ದಶಾಂಶದ ಡಬಲ್ಲಿಗೊಂದು ಹೀಗೆ ಜಾತಿಗೊಂದು ಲಿಸ್ಟು. ಅಷ್ಟನ್ನೂ ಕೈಯಲ್ಲಿ ಬರೆದಿಲ್ಲ, ಒಂದು ಅಚ್ಚು ಇಟ್ಟುಕೊಂಡು ಸಿ ಪ್ರೀಪ್ರೊಸೆಸರ್ ಅನ್ನೋ ಪದ ಬದಲಿಸುವ ಸಲಕರಣೆಯಿಂದ ಜಾವಾ ಕೋಡು ತೆಗೀತಾರೆ. ನನಗೆ ಬೇಕಿದ್ದದ್ದು ಇಂಟ್‌ಲಿಸ್ಟ್ ಅನ್ನೋ ಇಂಟರ್‌ಫೇಸು (ಏನೇನು ಮಾಡಬಹುದು ಅನ್ನೋ ಪಟ್ಟಿ), ಅದರ ಹಿಂದೆ ಕೆಲಸ ಮಾಡುವ ಇಂಟ್‌ಅರ್ರೇಲಿಸ್ಟು.

ಇದು ಜಾವಾದ ಮಾಮೂಲಿ ಲಿಸ್ಟೂ ಹೌದು, ಹಾಗಾಗಿ ಹಳೇ ಕೋಡು ಒಡೆಯಲಿಲ್ಲ. ಆದರೆ ಎಡಿಟರಿನಲ್ಲಿ ಗೆಟ್ ಇದ್ದ ಕಡೆಯೆಲ್ಲ ಅಡ್ಡಗೆರೆ ಬಂತು. ಅದು ಡಬ್ಬಿ ಕೊಡುತ್ತದೆ, ಬಳಸಬೇಡ, ಗೆಟ್‌ಇಂಟ್ ಬಳಸು ಅಂತ. ರಿಮೂವ್ ಮೇಲೂ ಗೆರೆ. ಅದರ ಬದಲಿಗೆ ಎರಡು ಬೇರೆ ಹೆಸರು: ಜಾಗ ಹೇಳಿ ತೆಗೆಯೋಕೆ ರಿಮೂವ್‌ಇಂಟ್, ಅಂಕೆ ಹೇಳಿ ತೆಗೆಯೋಕೆ ರೆಮ್. ಎರಡನೆಯದಕ್ಕೂ ರಿಮೂವ್ ಅಂತಲೇ ಹೆಸರಿಡಬೇಕಿತ್ತು, ಲಿಸ್ಟಿನಲ್ಲಿ ಅದೇ ಹೆಸರು ಆಗಲೇ ಇದ್ದದ್ದರಿಂದ ಇಡೋಕಾಗಲಿಲ್ಲ ಅಂತ ಅದರ ಡಾಕ್ಯುಮೆಂಟೇಶನ್ನಿನಲ್ಲೇ ಬರೆದಿದ್ದಾರೆ. ರೆಮ್ ಹೆಸರು ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೂ ಮೆಮೊರಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಎರಡು ಹೆಸರೇ. ಲಾಟ್ ನಂಬರೂ ಅಂಕೆ, ಸಾಲಿನ ಜಾಗವೂ ಅಂಕೆ. ಯಾವುದು ಅಂತ ಬರೆಯುವಾಗಲೇ ಬಾಯಿಬಿಟ್ಟು ಹೇಳಬೇಕಾಯಿತು.

ಹೊಸ ಗುಂಡಿಗೂ ಬಿದ್ದೆ. ದಿನದ ಕಡಿಮೆ ರೇಟು ಹುಡುಕೋಕೆ ಲಿಸ್ಟಿನ ಒಳಗಿನ ಅರ್ರೇಯನ್ನೇ (ಅಂಕೆಗಳನ್ನು ಸಾಲಾಗಿಟ್ಟ ಜಾಗ) ಎಲಿಮೆಂಟ್ಸ್ ಅಂತ ಕರೆದು ತೆಗೆದುಕೊಂಡೆ, ನಕಲು ಮಾಡೋ ಗೊಡವೆ ಇಲ್ಲವಲ್ಲ ಅಂತ. ರಿಪೋರ್ಟಿನಲ್ಲಿ ಬಂತು: ಕನಿಷ್ಠ ರೇಟು 0. ಮಾವ ಅದನ್ನು ವಾಟ್ಸಾಪಿನಲ್ಲಿ ಕಳಿಸಿ, "ಇವತ್ತು ಯಾರಿಗೋ ಪುಕ್ಕಟೆ ಕೊಟ್ಟಿದ್ದೀವಾ?" ಅಂತ ಕೇಳಿದರು. ಒಳಗಿನ ಅರ್ರೇ ಲಿಸ್ಟಿಗಿಂತ ಉದ್ದ ಇರುತ್ತದೆ. 10 ಜಾಗ ತುಂಬಿ 11ನೆಯದು ಬಂದರೆ ಅರ್ಧ ಸೇರಿಸಿ 15 ಮಾಡಿಕೊಳ್ಳುತ್ತದೆ. ಉಳಿದ ನಾಲ್ಕರಲ್ಲಿ ಸೊನ್ನೆ. ಸೈಜ್‌ವರೆಗೆ ಮಾತ್ರ ಓದಬೇಕಿತ್ತು.

ಇನ್ನೊಂದು ಬೇಗ ಗೊತ್ತಾಗುವುದಿಲ್ಲ. ಇಂಟ್‌ಲಿಸ್ಟ್ ಮೇಲೆ ಸುಮ್ನೆ ಫಾರ್‌ಈಚ್ (ಒಂದೊಂದಾಗಿ ಎಲ್ಲ ಅಂಕೆ ನೋಡುವ ಲೂಪು) ಓಡಿಸಿದರೆ ಅದು ನೆಕ್ಸ್ಟ್ ಕರೆಯುತ್ತದೆ, ನೆಕ್ಸ್ಟ್ ಮತ್ತೆ ಡಬ್ಬಿ ಕೊಡುತ್ತದೆ. ಉತ್ತರ ಸರಿಯೇ ಬರುತ್ತದೆ, ಆದರೆ ಬೇಡ ಅಂತ ಬಿಟ್ಟ ಡಬ್ಬಿ ಹಿಂಬಾಗಿಲಿನಿಂದ ಒಳಗೆ. ದೊಡ್ಡ ಲೂಪುಗಳಲ್ಲಿ ಇಂಟ್‌ಇಟರೇಟರ್ ತಗೊಂಡು ಬರೀ ಇಂಟ್ ಕೊಡುವ ನೆಕ್ಸ್ಟ್‌ಇಂಟ್ ಕರೆದೆ. 30 ಸಾಲಿನ ಲಿಸ್ಟುಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಲೈಬ್ರರಿಯ ಪೂರ್ತಿ ಜಾರ್ ಫೈಲು (ಜಾವಾ ಕೋಡು ಕಟ್ಟಿಟ್ಟ ಗಂಟು) ಭಾರಿ ದೊಡ್ಡದು, ಹಾಗಾಗಿ ಇಂಟ್, ಲಾಂಗ್, ಡಬಲ್ ಇರುವ ಕೋರ್ ಮಾತ್ರ ಹಾಕಿಕೊಂಡೆ. ರೈತರ ಹೆಸರಿನ ಪಟ್ಟಿ ಈಗಲೂ ಹಳೇ ಅರ್ರೇಲಿಸ್ಟಿನಲ್ಲೇ ಇದೆ. ಅವು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಅವಕ್ಕೆ ಇದ್ಯಾವುದೂ ಬೇಕಿಲ್ಲ.