ಎಷ್ಟು ಕೆ.ಜಿ. ಇಳಿದಿರಿ ಎಂದು ಕೇಳುವವರಿಗೆ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕು ಎಂದಿರುವವರು ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡುತ್ತಾರೆ. ಬಹುತೇಕ ಎಲ್ಲರ ಮೊದಲ ಪ್ರಶ್ನೆ ಒಂದೇ: ‘ಮೇಡಂ, ನೀವು ಎಷ್ಟು ಕೆ.ಜಿ. ಇಳಿದಿರಿ?’ ಹೇಳುತ್ತೇನೆ. 116 ಕೆ.ಜಿ. ಇದ್ದೆ, ಒಂದೂವರೆ ವರ್ಷದಲ್ಲಿ 76ಕ್ಕೆ ಬಂದೆ, ಈಗ ಐದನೆಯ ವರ್ಷ, 80ರ ಆಸುಪಾಸಿನಲ್ಲಿದ್ದೇನೆ. ಅಷ್ಟಕ್ಕೇ ಫೋನ್ ಇಡಲು ಬಿಡುವುದಿಲ್ಲ. ಎರಡನೆಯ ವರ್ಷ ಹಸಿವು ಹೇಗಿತ್ತು, ಮಾತ್ರೆಗಳನ್ನು ಇನ್ನೂ ತೆಗೆದುಕೊಳ್ಳುತ್ತಿದ್ದೀರಾ, ಮನೆಯವರು ಹೇಗೆ ನಡೆದುಕೊಂಡರು ಎಂದೂ ಕೇಳಿ ಎನ್ನುತ್ತೇನೆ. ಮೊದಲ ವರ್ಷದ ಇಳಿಕೆಯನ್ನು ಹೆಚ್ಚಿನಂಶ ಆಪರೇಷನ್ನೇ ಮಾಡಿಕೊಡುತ್ತದೆ. ಜೊತೆಗೊಬ್ಬರು ನಿಜವಾಗಿ ಬೇಕಾಗುವುದು ಅದು ಮುಗಿದ ಮೇಲೆ.

ನನ್ನ ತವರು ಮಂಡ್ಯದ ಕಡೆಯ ಹಳ್ಳಿ, ಈಗ ಮೈಸೂರಿನಲ್ಲಿ ಹೈಸ್ಕೂಲು ಶಿಕ್ಷಕಿ. ಆಪರೇಷನ್ನಿಗೆ ಮೊದಲು ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೂರೂ ಇದ್ದವು. ಆಗ ಆಸ್ಪತ್ರೆಯ ಆಹಾರತಜ್ಞೆ ತುಮಕೂರಿನ ಒಬ್ಬ ಹೆಂಗಸಿನ ಜೊತೆ ನನ್ನನ್ನು ಮಾತನಾಡಿಸಿದರು. ಆಕೆಗೆ ಇದೇ ಆಪರೇಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಮಾಡಿಸಿಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ತಾನು ಏನು ತಿನ್ನುತ್ತೇನೆ, ಯಾವುದು ಗಂಟಲಲ್ಲಿ ನಿಲ್ಲುತ್ತದೆ, ಯಾವ ತಿಂಗಳು ಅಳು ಬಂತು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ನನಗೆ ನಿರ್ಧಾರಕ್ಕೆ ಬರಲು ಅದಕ್ಕಿಂತ ದೊಡ್ಡ ಸಹಾಯ ಬೇರೆ ಸಿಗಲಿಲ್ಲ. ಈಗ ನಾನು ಮಾಡುತ್ತಿರುವುದೂ ಅದನ್ನೇ. ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಕೆಲವರು ಯಾರದಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಮಾಡಿಸಿಕೊಂಡವರೂ ಬರುತ್ತಾರೆ, ಯೋಚನೆಯಲ್ಲಿರುವವರೂ ಬರುತ್ತಾರೆ.

ಬರುವವರಲ್ಲಿ ಅನೇಕರು ಹೊಟ್ಟೆಯ ಬೊಜ್ಜನ್ನು ಕೊಯ್ದು ತೆಗೆಯುತ್ತಾರೆ ಎಂದುಕೊಂಡಿರುತ್ತಾರೆ. ಇಲ್ಲ. ಬೊಜ್ಜನ್ನು ಯಾರೂ ಮುಟ್ಟುವುದಿಲ್ಲ. ನನಗಾದ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಸಪೂರ ಕೊಳವೆಯೊಂದನ್ನು ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ತಿಳಿಯುವುದಿಲ್ಲ. ತೆಗೆದ ಭಾಗವನ್ನು ಮತ್ತೆ ಜೋಡಿಸಲಾಗದು. ಈ ಮಾತನ್ನು ನಾನು ಎಲ್ಲರಿಗೂ ಎರಡು ಸಲ ಹೇಳುತ್ತೇನೆ. ಗ್ಯಾಸ್ಟ್ರಿಕ್ ಬೈಪಾಸ್ ಎಂಬುದು ಇನ್ನೊಂದು ವಿಧ. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣದೊಂದು ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಸೇರಿಸುತ್ತಾರೆ. ಎದೆಯುರಿ, ಹುಳಿತೇಗು ಮೊದಲೇ ಜೋರಾಗಿದ್ದವರಿಗೆ ಸ್ಲೀವ್‌ನಿಂದ ಅದು ಹೆಚ್ಚಾಗಬಹುದು, ಅಂಥವರಿಗೆ ಬೈಪಾಸ್ ಸೂಚಿಸುವುದುಂಟು. ಹೀಗಾಗಿ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಜಠರವನ್ನು ನೋಡುವ ಎಂಡೋಸ್ಕೋಪಿಗೆ ಮೊದಲೇ ‘ನನಗೆ ಸ್ಲೀವೇ ಬೇಕು’ ಎಂದು ಹಟ ಹಿಡಿಯಬೇಡಿ. ಪಕ್ಕದ ಮನೆಯವರಿಗೆ ಯಾವುದು ಆಯಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಯಾರು ಅರ್ಹರು ಎಂಬುದಕ್ಕೆ ಬಿಎಂಐ ಲೆಕ್ಕವಿದೆ: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ನನ್ನ ಎತ್ತರ 160 ಸೆಂ.ಮೀ., ಬಿಎಂಐ 45 ಇತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಮಾರ್ಗಸೂಚಿಯನ್ನು ಬದಲಿಸಿ, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. ಆದರೆ ವಿಮೆಯ ಲೆಕ್ಕ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಕಟ್ಟುವಿಕೆಯಂಥ ತೊಂದರೆ ಇರಬೇಕು. ವೈದ್ಯರು ‘ಆಗಬಹುದು’ ಎಂದಮಾತ್ರಕ್ಕೆ ವಿಮಾ ಕಂಪನಿಯೂ ಒಪ್ಪುತ್ತದೆ ಎಂದುಕೊಂಡು ದಿನ ಗೊತ್ತು ಮಾಡಬೇಡಿ. ಲಿಖಿತ ಒಪ್ಪಿಗೆ ಕೈಗೆ ಬರಲಿ.

ಆಪರೇಷನ್ನಿಗೆ ಮೊದಲಿನ ಮನೋವೈದ್ಯರ ಭೇಟಿಯನ್ನು ಪಾಸಾಗಬೇಕಾದ ಪರೀಕ್ಷೆ ಎಂದು ತಿಳಿದು ಜನ ಹೆದರುತ್ತಾರೆ. ಬೇಸರವಾದಾಗ ಡಬ್ಬಿಗಟ್ಟಲೆ ತಿಂಡಿ ಖಾಲಿ ಮಾಡುವುದು, ರಾತ್ರಿ ಕದ್ದು ತಿನ್ನುವುದು, ಕುಡಿತ ಎಲ್ಲವನ್ನೂ ಅಲ್ಲಿ ಹೇಳಬೇಕು. ಜಠರ ಚಿಕ್ಕದಾದರೂ ಆ ಬೇಸರ ಮೊದಲಿನಷ್ಟೇ ಇರುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಮೊದಲೇ ಶುರುವಾದರೆ ಒಳ್ಳೆಯದು.

ಇನ್ನೊಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಮಗಳಿಗೆ ಗಂಡು ಗೊತ್ತಾಗುತ್ತಿಲ್ಲ, ಆಪರೇಷನ್ ಮಾಡಿಸಿಬಿಡೋಣ ಎಂದು ತಂದೆತಾಯಿ ಫೋನ್ ಮಾಡುತ್ತಾರೆ. ಹುಡುಗಿಯ ಜೊತೆಗೇ, ಅವಳೊಬ್ಬಳ ಜೊತೆಗೇ ಮಾತನಾಡುತ್ತೇನೆ ಎನ್ನುತ್ತೇನೆ. ಜೀವನವಿಡೀ ಮಾತ್ರೆ ತೆಗೆದುಕೊಳ್ಳಬೇಕಾದವಳು ಅವಳು, ಮದುವೆ ಮನೆಯಲ್ಲಿ ಅರ್ಧ ಇಡ್ಲಿಗೆ ಕೈತೊಳೆಯಬೇಕಾದವಳು ಅವಳು. ನಿರ್ಧಾರವೂ ಅವಳದೇ ಆಗಿರಬೇಕು. ಅವಳಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕು: ಆಪರೇಷನ್ನಿನ ನಂತರ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಪಿಸಿಓಡಿ ಎಂಬ ಅಂಡಾಶಯದ ತೊಂದರೆಯಿಂದ ನಿಂತುಹೋಗಿದ್ದ ಮುಟ್ಟು ತೂಕ ಇಳಿದಂತೆ ಸರಿಹೋಗಿ, ನಿರೀಕ್ಷೆಯೇ ಇಲ್ಲದೆ ಗರ್ಭ ನಿಲ್ಲಬಹುದು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೆಯಾಗದಿರಬಹುದು, ಆದ್ದರಿಂದ ಬೇರೆ ಯಾವ ವಿಧಾನ ಎಂದು ಸ್ತ್ರೀರೋಗ ತಜ್ಞರನ್ನು ಮೊದಲೇ ಕೇಳಬೇಕು. ಮದುವೆಯಾದ ಮರುತಿಂಗಳಿಂದಲೇ ‘ಏನಾದರೂ ವಿಶೇಷವೇ?’ ಎಂದು ಕೇಳುವ ನಮ್ಮ ಕುಟುಂಬಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಆಪರೇಷನ್ನಿಗೆ ಮೊದಲು ಸುಮಾರು ಎರಡು ವಾರ ಕಡಿಮೆ ಕ್ಯಾಲೊರಿಯ ಕಟ್ಟುನಿಟ್ಟಿನ ಪಥ್ಯವಿರುತ್ತದೆ. ಜಠರದ ಮೇಲೆ ಹರಡಿಕೊಂಡಿರುವ ಯಕೃತ್ತು ಕೊಬ್ಬಿನಿಂದ ಊದಿರುತ್ತದೆ, ಅದು ಕುಗ್ಗಿದರೆ ವೈದ್ಯರ ಕೈಗೆ ಜಾಗ ಸಿಗುತ್ತದೆ. ಕಾರಣ ತಿಳಿದಿದ್ದರೆ ಈ ಪಥ್ಯ ಮಾಡುವುದು ಸುಲಭ. ಆಪರೇಷನ್ ಸಣ್ಣ ತೂತುಗಳ ಮೂಲಕವೇ ನಡೆಯುತ್ತದೆ. ಎಚ್ಚರವಾದ ಮೇಲೆ ನನಗೆ ಹೊಟ್ಟೆಗಿಂತ ಭುಜ ಹೆಚ್ಚು ನೋಯುತ್ತಿತ್ತು. ಒಳಗೆ ತುಂಬಿದ್ದ ಗಾಳಿಯಿಂದ ಆಗುವ ನೋವದು, ನಡೆದಾಡಿದಷ್ಟೂ ಕಡಿಮೆಯಾಗುತ್ತದೆ. ಆದರೆ ಮನೆಗೆ ಬಂದ ಮೇಲೆ ಜ್ವರ, ನಿಲ್ಲದ ಎದೆಬಡಿತ, ಉಸಿರಾಟದ ಕಷ್ಟ, ಹೊಟ್ಟೆಯಲ್ಲಿ ಜೋರು ನೋವು, ಮೀನಖಂಡದಲ್ಲಿ ಊತ ಇವುಗಳಲ್ಲಿ ಒಂದು ಕಂಡರೂ ನನಗೆ ಫೋನ್ ಮಾಡಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಹೊಲಿಗೆಯ ಜಾಗದಲ್ಲಿ ಸೋರಿಕೆಯೋ, ರಕ್ತ ಹೆಪ್ಪುಗಟ್ಟಿದೆಯೋ ಎಂಬುದನ್ನು ಅನುಭವಸ್ಥರು ಫೋನಿನಲ್ಲಿ ಹೇಳಲಾರರು.

ಇನ್ನು ಅಡುಗೆಮನೆಯ ಮಾತು. ಆಸ್ಪತ್ರೆಯ ಪಟ್ಟಿಯಲ್ಲಿ ‘ಸ್ವಚ್ಛ ದ್ರವ, ಪೂರ್ಣ ದ್ರವ, ನುಣ್ಣನೆಯ ಆಹಾರ, ಮೆತ್ತನೆಯ ಆಹಾರ’ ಎಂದಿರುತ್ತದೆ. ಅದು ನಮ್ಮ ಮನೆಯ ಒಲೆಯ ಮೇಲೆ ಏನಾಗಬೇಕು ಎಂಬುದನ್ನು ನಾನೇ ಕಂಡುಕೊಳ್ಳಬೇಕಾಯಿತು. ದ್ರವದ ಎರಡು ವಾರಗಳಲ್ಲಿ ಸೋಸಿದ ಹೆಸರುಬೇಳೆ ಕಟ್ಟು, ಹುರುಳಿಕಟ್ಟು, ನೀರುಮಜ್ಜಿಗೆ, ಎಳನೀರು, ಕೊಬ್ಬು ತೆಗೆದ ಕೋಳಿ ಸೂಪು ನನ್ನನ್ನು ಕಾಪಾಡಿದವು. ಮೆಣಸಿನಕಾಯಿ ಇಲ್ಲ, ಸಾಸಿವೆ ಒಗ್ಗರಣೆ ಇಲ್ಲ, ಜೀರಿಗೆ ಪುಡಿ ಮತ್ತು ಉಪ್ಪು ಮಾತ್ರ. ಪ್ರೋಟೀನ್ ಪುಡಿಯ ಸಿಹಿ ವಾಸನೆ ನನಗೆ ಹಿಡಿಸಲಿಲ್ಲ. ಯಾವ ರುಚಿಯೂ ಸೇರಿಸದ ಪುಡಿಯನ್ನು ಮಜ್ಜಿಗೆಗೆ ಕಲಸಿದ ಮೇಲೆ ಕುಡಿಯಲಾಯಿತು. ನೀರು ಒಂದೊಂದೇ ಗುಟುಕು, ದಿನವಿಡೀ. ಆಮೇಲಿನ ಎರಡು ವಾರ ಮಿಕ್ಸಿಯಲ್ಲಿ ರುಬ್ಬಿದ್ದು: ಬೇಯಿಸಿದ ಬೇಳೆ, ಮೊಸರು ಕಲಸಿದ ಪನೀರು, ಮೊಟ್ಟೆ. ಎರಡು ತಿಂಗಳಾಗುವ ಹೊತ್ತಿಗೆ ಮಾಮೂಲಿ ಅಡುಗೆಯನ್ನೇ ಬಹಳ ಸ್ವಲ್ಪವಾಗಿ ತಿನ್ನತೊಡಗಿದೆ.

ನಮ್ಮ ಕಡೆಯವರಿಗೆ ನಿಜವಾದ ಕಷ್ಟ ಮುದ್ದೆಯದು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದೇ ಮಕ್ಕಳಿಗೆ ಕಲಿಸುವವರು ನಾವು. ಹೊಸ ಜಠರಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಪ್ರತಿ ತುತ್ತನ್ನೂ ಬಾಯಲ್ಲೇ ಅಂಟಿನಂತಾಗುವವರೆಗೆ ಅಗಿಯಬೇಕು. ನುಂಗಿದ ಮುದ್ದೆ ಎದೆಯಲ್ಲೇ ನಿಲ್ಲುತ್ತದೆ, ಬಾಯಿಯಲ್ಲಿ ನೊರೆ ನೊರೆಯಾಗಿ ಉಗುಳು ತುಂಬುತ್ತದೆ, ಕೊನೆಗೆ ವಾಂತಿ. ರಾಗಿಯನ್ನು ಬಿಡಬೇಕಾಗಿಲ್ಲ. ನಾನು ಅಂಬಲಿಯಿಂದ ಶುರು ಮಾಡಿ, ಬಹಳ ತಿಂಗಳುಗಳ ನಂತರ ರಾಗಿ ದೋಸೆಗೆ ಬಂದೆ. ಈಗ ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರದಲ್ಲಿ ತಟ್ಟೆಗೆ ಹಾಕಿಕೊಂಡು ಅಗಿದೇ ತಿನ್ನುತ್ತೇನೆ. ಅದಕ್ಕೂ ಮೊದಲು ಮೊಟ್ಟೆಯೋ ಮೀನೋ ಕಾಳೋ ಮುಗಿದಿರಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಎಂದರೆ ಲೆಕ್ಕ ಅರ್ಥವಾಗುತ್ತದೆ. ಬೇಳೆ ಸಾರು ಕುಡಿದು ಪ್ರೋಟೀನ್ ಆಯಿತು ಎಂದುಕೊಳ್ಳುವ ಸಸ್ಯಾಹಾರಿ ಮನೆಗಳವರಿಗೆ ಹೇಳುತ್ತೇನೆ: ತಿಳಿಯಲ್ಲಿ ಇರುವುದು ಹೆಚ್ಚಾಗಿ ನೀರು, ತಳದ ಬೇಳೆ ತಿನ್ನಿ, ಜೊತೆಗೆ ಪನೀರು, ಗಟ್ಟಿ ಮೊಸರು, ಸೋಯಾ ಇರಲಿ. ಊಟದ ಜೊತೆ ನೀರು ಬೇಡ, ಊಟವಾದ ಅರ್ಧ ಗಂಟೆಯ ನಂತರ ಕುಡಿಯಿರಿ. ಒಣಗಿದ ಕೋಳಿ ತುಂಡು, ಬಿಸಿ ಅನ್ನದ ಉಂಡೆ, ಚಪಾತಿ ಮೂರೂ ನನಗೆ ಬಹಳ ಕಾಲ ತೊಂದರೆ ಕೊಟ್ಟವು, ಮೀನು ಒಮ್ಮೆಯೂ ಕೊಡಲಿಲ್ಲ.

ಮೂರನೆಯ ವಾರದ ಹೊತ್ತಿಗೆ ತೂಕದ ಮುಳ್ಳು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎಲ್ಲರೂ ಗಾಬರಿಯಾಗುತ್ತಾರೆ, ತಾನೇ ಮತ್ತೆ ಇಳಿಯುತ್ತದೆ. ಮೂರನೆಯ ತಿಂಗಳ ಸುಮಾರಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಹೆಂಗಸರು ಅತ್ತು ಫೋನ್ ಮಾಡುವುದು ಆಗ. ದೇಹಕ್ಕೆ ಬಿದ್ದ ಪೆಟ್ಟಿಗೆ ಕೂದಲು ಕೊಡುವ ಉತ್ತರವದು, ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಪ್ರೋಟೀನ್ ಮತ್ತು ಕಬ್ಬಿಣದಂಶ ಸರಿಯಿದೆಯೇ ಎಂದು ನೋಡಿಸಿ.

ಮಾತ್ರೆಗಳ ವಿಷಯದಲ್ಲಿ ನನಗೆ ರಾಜಿಯಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ, ಒಂದು ಮಲ್ಟಿವಿಟಮಿನ್ ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಬೇಕು, ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿಯಬಾರದು. ನಾನು ಕಬ್ಬಿಣವನ್ನು ರಾತ್ರಿ ಮಲಗುವಾಗ, ಕ್ಯಾಲ್ಸಿಯಂ ಅನ್ನು ಶಾಲೆಯ ಬಿಡುವಿನಲ್ಲಿ ತೆಗೆದುಕೊಳ್ಳುತ್ತೇನೆ. ‘ಆರಾಮಾಗಿದ್ದೇನೆ, ಮಾತ್ರೆ ಯಾಕೆ?’ ಎನ್ನುವವರಿಗೆ ಬಿ12 ಕೊರತೆ ಬಹಳ ಕಾಲ ಸದ್ದಿಲ್ಲದೆ ಬೆಳೆದು, ಅಂಗಾಲು ಜೋಮು ಹಿಡಿದ ಮೇಲೆ ತಿಳಿಯುತ್ತದೆ ಎಂದು ಹೇಳುತ್ತೇನೆ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ1 ಬೇಗ ಕುಸಿದು ನಡಿಗೆ, ದೃಷ್ಟಿ, ನೆನಪು ಕೆಡಬಹುದು. ಅದು ತುರ್ತು ಚಿಕಿತ್ಸೆಯ ವಿಷಯ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವನ್ನು, ಅದರಲ್ಲೂ ಬೈಪಾಸ್ ಆದವರು, ಬಿಡಲೇಬೇಕು, ಹುಣ್ಣಾಗುತ್ತದೆ. ಸಕ್ಕರೆ ಮತ್ತು ಬಿಪಿ ಮಾತ್ರೆಗಳ ಪ್ರಮಾಣ ಬೇಗ ಇಳಿಯುತ್ತದೆ. ಎಷ್ಟು ಇಳಿಸಬೇಕೆಂದು ವೈದ್ಯರು ಹೇಳಬೇಕು, ನಾನಲ್ಲ.

ಮನೆಯವರನ್ನು ಹೇಗೆ ಒಪ್ಪಿಸುವುದು? ನಮ್ಮ ಅತ್ತೆಯವರಿಗೆ ಸೊಸೆ ಎರಡು ತುತ್ತಿಗೆ ಏಳುವುದು ಅವಮಾನದಂತೆ ಕಂಡಿತ್ತು. ಅವರನ್ನು ಆಹಾರತಜ್ಞೆಯ ಬಳಿಗೇ ಕರೆದುಕೊಂಡು ಹೋದೆ. ನನ್ನ ಬಾಯಿಂದ ಕೇಳಿದಾಗ ನಂಬದ್ದನ್ನು ಅವರು ಅಲ್ಲಿ ನಂಬಿದರು, ಅಂದಿನಿಂದ ನನ್ನ ಪಾಲಿನ ಕಟ್ಟನ್ನು ಬೇರೆ ತೆಗೆದಿಡುವವರು ಅವರೇ. ಬಾಡೂಟಕ್ಕೆ, ಮದುವೆಗೆ ಹೋಗುವುದನ್ನು ನಿಲ್ಲಿಸಬೇಡಿ. ಪಂಕ್ತಿಯಲ್ಲಿ ಕೂರುವ ಬದಲು ಬಡಿಸಲು ನಿಲ್ಲುತ್ತೇನೆ, ಆಮೇಲೆ ನಿಧಾನವಾಗಿ ನನ್ನದನ್ನು ತಿನ್ನುತ್ತೇನೆ. ‘ಏನಮ್ಮ, ಹೀಗೆ ಸೊರಗಿಹೋಗಿದ್ದೀಯ, ಏನು ಕಾಯಿಲೆ?’ ಎಂದು ಕೇಳುವವರಿಗೆ ಆಪರೇಷನ್ ವಿಷಯ ಹೇಳಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು. ನಾನು ಹೇಳುತ್ತೇನೆ. ನಮ್ಮ ಭಾನುವಾರದ ಗುಂಪಿನಲ್ಲಿ ಹೇಳದವರೂ ಇದ್ದಾರೆ, ಅವರ ಹೆಸರು ಆ ಕೋಣೆಯಿಂದ ಆಚೆ ಹೋಗುವುದಿಲ್ಲ.

ಎರಡನೆಯ ವರ್ಷದಲ್ಲಿ ಹಸಿವು ಮರಳುತ್ತದೆ. ಮುದ್ದೆ ನಿಲ್ಲುವ ಜಠರದಲ್ಲಿ ಚಹಾಕ್ಕೆ ಅದ್ದಿದ ಬಿಸ್ಕತ್ತು, ಚಕ್ಕುಲಿ, ಐಸ್‌ಕ್ರೀಮ್ ಸಲೀಸಾಗಿ ಇಳಿದುಹೋಗುತ್ತವೆ, ಎಷ್ಟು ತಿಂದರೂ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಕೆಲವರಿಗೆ ಊಟದ ಜಾಗಕ್ಕೆ ಮದ್ಯ ಬರುತ್ತದೆ. ಬೈಪಾಸ್ ಆದವರಿಗೆ ಸ್ವಲ್ಪಕ್ಕೇ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ನಾಲ್ಕೈದು ಕೆ.ಜಿ. ಹಿಂತಿರುಗುವುದು ಸಾಮಾನ್ಯ, ನನಗೂ ಬಂದಿದೆ. ಆದರೆ ಅಷ್ಟು ಬಂದ ಕೂಡಲೇ ಜನ ನಾಚಿಕೆಯಿಂದ ಭಾನುವಾರಗಳಿಗೆ ಬರುವುದನ್ನು ಬಿಡುತ್ತಾರೆ, ವೈದ್ಯರ ಭೇಟಿಯನ್ನೂ ತಪ್ಪಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ನನಗೆ ನೋವು ಕೊಡುವುದು ಇದು. ಬಾರದವರಿಗೆ ನಾನೇ ಫೋನ್ ಮಾಡುತ್ತೇನೆ. ತೂಕ ಎಷ್ಟಿದೆ ಎಂದು ಕೇಳುವುದಿಲ್ಲ. ಊಟ ಹೇಗಾಗುತ್ತಿದೆ, ನಿದ್ದೆ ಬರುತ್ತದೆಯೇ, ಈ ವರ್ಷದ ರಕ್ತಪರೀಕ್ಷೆ ಆಯಿತೇ ಎಂದು ಕೇಳುತ್ತೇನೆ. ಇತ್ತೀಚೆಗೆ ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆ ಅವರು ತಿರುಗಿ ಕೇಳುತ್ತಾರೆ, 2025ರಿಂದ ಅವು ನಮ್ಮ ದೇಶದಲ್ಲೂ ಸಿಗುತ್ತಿವೆ. ಆಪರೇಷನ್ ಆದ ಮೇಲೂ ಕೆಲವರಿಗೆ ವೈದ್ಯರು ಔಷಧ ಸೂಚಿಸುತ್ತಾರೆ, ಅದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ, ಹೋಗಿ ಕೇಳಿ ಎನ್ನುತ್ತೇನೆ. ಒಬ್ಬರೇ ಹೋಗಲು ಹಿಂಜರಿದರೆ ರಜೆಯ ದಿನ ನೋಡಿಕೊಂಡು ನಾನೂ ಜೊತೆಗೆ ಹೋಗುತ್ತೇನೆ.