ಬಿಸಿ ಜಾಬ್ ಅಳೆಯಬೇಡಿ: ಸ್ಪಿಂಡಲ್ ಇನ್‌ಸ್ಪೆಕ್ಷನ್ ಮಾಡುವ ಬಗೆ

ಪೀಣ್ಯದ ಶೆಡ್‌ಗಳಲ್ಲಿ 26 ವರ್ಷದಿಂದ ಇನ್‌ಸ್ಪೆಕ್ಷನ್ ಮಾಡುತ್ತಿದ್ದೇನೆ. ಹೆಚ್ಚಿನ ಕೆಲಸ ಸಿಎನ್‌ಸಿ ಮಷಿನ್‌ಗಳ ಸ್ಪಿಂಡಲ್‌ಗಳದ್ದು, ಅಂದರೆ ಟೂಲ್ ಹಿಡಿದು ತಿರುಗುವ ಉಕ್ಕಿನ ದಂಡಗಳದ್ದು. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಮೈಕ್ರೋಮೀಟರ್ ಕೊಡುವುದಿಲ್ಲ. ಜಾಬ್, ಅಂದರೆ ಮಷಿನ್‌ನಲ್ಲಿ ತಯಾರಾದ ಭಾಗ, ಮುಟ್ಟಿ ನೋಡಿ ಅನ್ನುತ್ತೇನೆ. ಬೆಚ್ಚಗಿದ್ದರೆ ಅಳೆಯುವ ಹಾಗಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ, ಏಪ್ರಿಲ್ ತಿಂಗಳ ಸೆಕೆಂಡ್ ಶಿಫ್ಟ್. ಎಂಟು ಸ್ಪಿಂಡಲ್ ಬೆಳಗ್ಗೆಯೇ ಅಸೆಂಬ್ಲಿಗೆ ಹೋಗಬೇಕಿತ್ತು. ಬೇರಿಂಗ್ ಕೂರುವ ಜಾಗದ ಅಳತೆ 70 ಎಚ್5. ಅಂದರೆ 69.987ರಿಂದ 70.000 ಮಿ.ಮೀ. ಒಳಗೆ ಬರಬೇಕು. ಒಟ್ಟು ಸಿಗುವ ಜಾಗ, ಅಂದರೆ ಟಾಲರೆನ್ಸ್, 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಗ್ರೈಂಡಿಂಗ್ ಮಷಿನ್‌ನಿಂದ ಇಳಿಸಿದ ತಕ್ಷಣ ಅಳೆದೆ. ಎಲ್ಲವೂ 69.992ರ ಆಸುಪಾಸು. ಸಹಿ ಹಾಕಿದೆ. ಬೆಳಗ್ಗೆ ಬೇರಿಂಗ್ ಹಾಕಲು ಹೋದರೆ ಸಡಿಲ. ಮತ್ತೆ ಅಳೆದರೆ 69.984! ಎಂಟೂ ಅಂಡರ್‌ಸೈಜ್. ಹಾರ್ಡ್ ಕ್ರೋಮ್ (ಗಟ್ಟಿ ಲೇಪ) ಮಾಡಿಸಿ, ಮತ್ತೆ ಗ್ರೈಂಡ್ ಮಾಡಿ ಉಳಿಸಿಕೊಂಡೆವು.

ಲೆಕ್ಕ ಸುಲಭ. ಉಕ್ಕು ಒಂದು ಡಿಗ್ರಿ ಬಿಸಿ ಏರಿದರೆ ಮೀಟರ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 70 ಮಿ.ಮೀ. ವ್ಯಾಸಕ್ಕೆ 0.8 ಮೈಕ್ರಾನ್. ಜಾಬ್ ನಮ್ಮ ಗೇಜ್‌ಗಿಂತ ಹತ್ತು ಡಿಗ್ರಿ ಬಿಸಿ ಇದ್ದರೆ 8 ಮೈಕ್ರಾನ್ ಸುಳ್ಳು. 13ರಲ್ಲಿ 8 ಅಲ್ಲೇ ಹೋಯಿತು!

ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣಾಂಶ 20 ಡಿಗ್ರಿ. ಎಸಿ ರೂಮ್ ಇದ್ದರೆ ಒಳ್ಳೆಯದು. ತಗಡಿನ ಶೆಡ್‌ನಲ್ಲಿ ಅದೆಲ್ಲಿ ಬರಬೇಕು? ಆದರೂ ದಾರಿ ಇದೆ. ಜಾಬ್, ಸ್ಲಿಪ್ ಗೇಜ್ (ಖಚಿತ ಅಳತೆಯ ಉಕ್ಕಿನ ತುಂಡು), ಡಯಲ್ ಸ್ನ್ಯಾಪ್ ಗೇಜ್ (ವ್ಯಾಸವನ್ನು ಮುಳ್ಳಿನಲ್ಲಿ ತೋರಿಸುವ ಗೇಜ್) ಎಲ್ಲವನ್ನೂ ಗ್ರಾನೈಟ್ ಸರ್ಫೇಸ್ ಪ್ಲೇಟ್ ಮೇಲೆ ಒಟ್ಟಿಗೆ ಇಡಿ. ಮಧ್ಯಮ ಗಾತ್ರದ ಸ್ಪಿಂಡಲ್‌ಗೆ ನಾನು ಮೂರು ಗಂಟೆ ಕೊಡುತ್ತೇನೆ, ದಪ್ಪದ್ದಕ್ಕೆ ರಾತ್ರಿಯಿಡೀ. ಜಾಬೂ ಉಕ್ಕು, ಸ್ಲಿಪ್ ಗೇಜೂ ಉಕ್ಕು. ಎರಡೂ ಒಂದೇ ಬಿಸಿಯಲ್ಲಿದ್ದರೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗಿರುತ್ತವೆ, ತಪ್ಪು ತಾನಾಗಿ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಜಾಬ್‌ಗೆ ಈ ಉಪಾಯ ನಡೆಯುವುದಿಲ್ಲ. ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಇನ್ನೊಂದು ಮಾತು: ಸ್ಲಿಪ್ ಗೇಜನ್ನು ಬರಿಗೈಯಲ್ಲಿ ಹಿಡಿದು ಮಾತಾಡುತ್ತಾ ನಿಲ್ಲಬೇಡಿ. ಕೈಯ ಬಿಸಿಯೇ ಸಾಕು ಅದನ್ನು ಬೆಳೆಸಲು.

ಈಗ ಗೇಜ್ ಆರಿಸುವ ವಿಷಯ. ಟಾಲರೆನ್ಸ್‌ನ ಹತ್ತನೇ ಒಂದು ಭಾಗ ಕಾಣಿಸುವ ಗೇಜ್ ಬೇಕು ಅನ್ನುವುದು ಹಳೆಯ ಲೆಕ್ಕ, ಈಗಲೂ ನಂಬಬಹುದು. 13 ಮೈಕ್ರಾನ್‌ಗೆ 1 ಮೈಕ್ರಾನ್ ಓದುವ ಡಯಲ್ ಬೇಕು. 0.01ರ ಮಾಮೂಲಿ ಮೈಕ್ರೋಮೀಟರ್‌ನಲ್ಲಿ ಒಂದು ಗೆರೆ ಅಂದರೇ 10 ಮೈಕ್ರಾನ್. ಅದರಲ್ಲಿ ಓದಿ ಪಾಸ್ ಮಾಡಿದರೆ ಅದು ಅಳತೆಯಲ್ಲ, ಅಂದಾಜು. 70ರ ಸ್ಲಿಪ್ ಗೇಜ್‌ನಲ್ಲಿ ಡಯಲ್ ಸೊನ್ನೆಗೆ ಕೂರಿಸಿ, ಆಮೇಲೆ ಜಾಬ್ ಹಾಕಿ ವ್ಯತ್ಯಾಸ ಮಾತ್ರ ಓದಿ. ಹತ್ತು ಜಾಬ್‌ಗೊಮ್ಮೆ ಸ್ಲಿಪ್‌ಗೆ ವಾಪಸ್ ಹೋಗಿ. ಸೊನ್ನೆ ಸರಿದಿದ್ದರೆ ಆ ಹತ್ತನ್ನೂ ಮತ್ತೆ ಅಳೆಯಿರಿ.

ಗೇಜ್ ಸರಿ ಇದ್ದರೂ ಕೈ ಸರಿ ಇರಬೇಕು. ವರ್ಷಕ್ಕೊಮ್ಮೆ ನಾನು ಹತ್ತು ಜಾಬ್ ತೆಗೆದು, ಮೂರು ಜನರಿಂದ ಎರಡೆರಡು ಸಲ ಅಳೆಸುತ್ತೇನೆ. ಹಿಂದಿನವರ ಓದು ಇವರಿಗೆ ಕಾಣಬಾರದು. ಗೇಜ್ ಮತ್ತು ಕೈಯಿಂದ ಬರುವ ಏರುಪೇರು ಟಾಲರೆನ್ಸ್‌ನ ಶೇ. 10ರೊಳಗೆ ಇದ್ದರೆ ನಿಶ್ಚಿಂತೆ. ಶೇ. 30 ದಾಟಿದರೆ ಆ ಅಳತೆಯನ್ನು ನಂಬಿ ಜಾಬ್ ಬಿಡಬೇಡಿ. ಸ್ಲಿಪ್ ಗೇಜ್‌ಗಳನ್ನು ಕ್ಯಾಲಿಬ್ರೇಷನ್‌ಗೆ (ಅಳತೆ ಸರಿ ಇದೆಯೇ ಅನ್ನುವ ಪರೀಕ್ಷೆಗೆ) ಕಳಿಸುವುದನ್ನು ಮುಂದೂಡಬೇಡಿ. ಬೆಂಗಳೂರಿನವರಿಗಂತೂ ತುಮಕೂರು ರಸ್ತೆಯಲ್ಲೇ ಸಿಎಂಟಿಐ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಇದೆ, 1962ರಿಂದ.

ವ್ಯಾಸ ಸರಿ ಬಂತು ಅಂದರೆ ಜಾಬ್ ದುಂಡಗಿದೆ ಅಂತಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಮೂರು ಉಬ್ಬಿರುವ ಜಾಬನ್ನು ಮೈಕ್ರೋಮೀಟರ್‌ನಲ್ಲಿ ಯಾವ ಕಡೆ ಹಿಡಿದರೂ ಒಂದೇ ಅಳತೆ ಬರುತ್ತದೆ. ಒಂದು ಕಡೆ ಉಬ್ಬು, ಅದರ ಎದುರಿಗೆ ತಗ್ಗು, ಹಾಗಾಗಿ. ಜಾಬನ್ನು ತುದಿಗಳಲ್ಲಿ ಹಿಡಿಯದೆ ವೀಲ್‌ಗಳ ನಡುವೆ ಉಜ್ಜುವ ಸೆಂಟರ್‌ಲೆಸ್ ಗ್ರೈಂಡಿಂಗ್‌ನಲ್ಲಿ ಈ ಕಾಟ ಜಾಸ್ತಿ. 90 ಡಿಗ್ರಿ ವಿ ಬ್ಲಾಕ್ ಮೇಲೆ ಜಾಬ್ ಇಟ್ಟು, ಮೇಲಿಂದ ಡಯಲ್ ತಾಗಿಸಿ, ನಿಧಾನವಾಗಿ ತಿರುಗಿಸಿ. ಮೂರು ಅಥವಾ ಐದು ಉಬ್ಬಿದ್ದರೆ ಮುಳ್ಳು ನಿಜವಾದ ತಪ್ಪಿನ ಎರಡರಷ್ಟು ಆಡುತ್ತದೆ. 60 ಡಿಗ್ರಿಯ ವಿ ಬ್ಲಾಕ್‌ನಲ್ಲಿ ಐದು ಉಬ್ಬು ಕಾಣುವುದೇ ಇಲ್ಲ, ಮೊಟ್ಟೆಯಾಕಾರವೂ ಕಾಣುವುದಿಲ್ಲ. ಅದಕ್ಕೇ ನಮ್ಮ ಟೇಬಲ್ ಮೇಲೆ 90ರದ್ದು ಇರುತ್ತದೆ. ಸೆಂಟರ್ ಮಧ್ಯೆ, ಅಂದರೆ ಎರಡೂ ತುದಿಯ ರಂಧ್ರದಲ್ಲಿ ಹಿಡಿದು, ಗ್ರೈಂಡ್ ಮಾಡಿದ ಜಾಬ್ ದುಂಡಗಿಲ್ಲದಿದ್ದರೆ ಮೊದಲು ಸೆಂಟರ್ ಹೋಲ್ ನೋಡಿ. ಅಲ್ಲಿ ಗೀರೋ ಕಸವೋ ಇರುತ್ತದೆ.

ಟೇಪರ್, ಅಂದರೆ ಟೂಲ್ ಹೋಲ್ಡರ್ ಕೂರುವ ಸ್ಪಿಂಡಲ್‌ನ ಇಳಿಜಾರು ಬಾಯಿ, ನೋಡಲು ಬ್ಲೂ ಬಳಸಿ. ಟೇಪರ್ ಗೇಜ್ ಮೇಲೆ ಪ್ರಷಿಯನ್ ಬ್ಲೂ ತೆಳ್ಳಗೆ, ಕೆಳಗಿನ ಲೋಹ ಕಾಣುವಷ್ಟು ತೆಳ್ಳಗೆ ಇರಬೇಕು. ದಪ್ಪ ಹಚ್ಚಿದರೆ ಕೆಟ್ಟ ಟೇಪರ್ ಕೂಡ ಪೂರ್ತಿ ನೀಲಿಯಾಗಿ ಕಾಣುತ್ತದೆ. ಒಳಗೆ ಕೂರಿಸಿ, ಸ್ವಲ್ಪವೇ ತಿರುಗಿಸಿ ತೆಗೆಯಿರಿ. ಬಣ್ಣ ದೊಡ್ಡ ಬಾಯಿಯ ಕಡೆ ಗಟ್ಟಿಯಾಗಿ ಹಿಡಿದಿರಬೇಕು. ಒಳತುದಿಯಲ್ಲಿ ಮಾತ್ರ ಹಿಡಿದಿದ್ದರೆ ಟೂಲ್ ಹೋಲ್ಡರ್ ಅಲುಗಾಡುತ್ತದೆ. ಆಮೇಲೆ ಟೆಸ್ಟ್ ಮ್ಯಾಂಡ್ರೆಲ್ (ಪರೀಕ್ಷೆಯ ನೇರ ದಂಡ) ಹಾಕಿ ಬಾಯಿಯ ಹತ್ತಿರ ಒಮ್ಮೆ, 300 ಮಿ.ಮೀ. ದೂರದಲ್ಲಿ ಒಮ್ಮೆ ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ. ಮ್ಯಾಂಡ್ರೆಲ್ ತೆಗೆದು 90 ಡಿಗ್ರಿ ತಿರುಗಿಸಿ ಮತ್ತೆ ಹಾಕಿ. ಹೀಗೆ ನಾಲ್ಕು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಮ್ಯಾಂಡ್ರೆಲ್‌ನ ತಪ್ಪು ಸ್ಪಿಂಡಲ್ ತಲೆಗೆ ಬರುತ್ತದೆ.

ಇಷ್ಟೂ ಅಳೆಯುವ ಕೆಲಸ. ಕ್ವಾಲಿಟಿ ಹಿಡಿತಕ್ಕೆ ಬರುವುದು ಮಷಿನ್ ಪಕ್ಕದಲ್ಲಿ, ನನ್ನ ಟೇಬಲ್ ಹತ್ತಿರ ಅಲ್ಲ. ಗ್ರೈಂಡಿಂಗ್ ಮಷಿನ್‌ಗೆ ಒಂದು ಚಾರ್ಟ್ ನೇತುಹಾಕಿ. ಆರಿದ ಮೇಲಿನ ಅಳತೆಯನ್ನು ಆಪರೇಟರ್ ಕೈಯಲ್ಲೇ ಚುಕ್ಕೆ ಇಡಿಸಿ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ತೋರಿಸಿಕೊಟ್ಟ ದಾರಿ ಇದು. ಇಪ್ಪತ್ತು ಜಾಬ್ ಆದ ಮೇಲೆ ಸರಾಸರಿ ತೆಗೆಯಿರಿ. ಒಂದು ಜಾಬ್‌ಗೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯನ್ನೂ ತೆಗೆಯಿರಿ. ಆ ಎರಡನೆಯದನ್ನು 2.66ರಿಂದ ಗುಣಿಸಿ, ಮೊದಲನೆಯದಕ್ಕೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ.

ಚುಕ್ಕೆ ಗೆರೆಗಳ ಒಳಗೆ ಹಿಂದೆಮುಂದೆ ಆಡುತ್ತಿದ್ದರೆ ಮಷಿನ್ ಮುಟ್ಟಬೇಡಿ. 2 ಮೈಕ್ರಾನ್ ಜಾಸ್ತಿ ಬಂತು ಅಂತ ಆಫ್‌ಸೆಟ್ (ಮಷಿನ್‌ನ ಅಳತೆ ಹೊಂದಿಕೆ) ತಿರುಗಿಸುವವರು ಸರಿ ಇದ್ದ ಮಷಿನ್ ಕೆಡಿಸುತ್ತಾರೆ. ಸತತ ಎಂಟು ಚುಕ್ಕೆ ಸರಾಸರಿಯ ಒಂದೇ ಕಡೆ ಬಿದ್ದರೆ ನಿಲ್ಲಿಸಿ. ಜಾಬ್ ಇನ್ನೂ ಟಾಲರೆನ್ಸ್ ಒಳಗೇ ಇರುತ್ತದೆ, ಆದರೂ ನಿಲ್ಲಿಸಿ. ಗ್ರೈಂಡಿಂಗ್ ವೀಲ್ ಸವೆದಿರಬಹುದು, ಕೂಲಂಟ್ ಬಿಸಿಯಾಗಿರಬಹುದು. ಒಂದು ಡ್ರೆಸ್ಸಿಂಗ್‌ನಲ್ಲಿ (ವೀಲ್‌ನ ಮುಖ ಹೊಸದು ಮಾಡುವುದರಲ್ಲಿ) ಮುಗಿಯುವ ಕೆಲಸ ಇರುತ್ತದೆ.

ಒಂದು ಜಾಬ್ ರಿಜೆಕ್ಟ್ ಆದರೆ ಅದನ್ನು ಮಾತ್ರ ಕೆಂಪು ಟ್ರೇಗೆ ಹಾಕಿ ಸುಮ್ನೆ ಕೂರಬೇಡಿ. ಅದರ ಹಿಂದಿನದು ಅಳೆಯಿರಿ, ಅದರ ಹಿಂದಿನದೂ ಅಳೆಯಿರಿ. ಸತತ ಮೂರು ಒಳ್ಳೆಯವು ಸಿಗುವ ತನಕ ಹಿಂದಕ್ಕೆ ಹೋಗಿ. ಇದಕ್ಕಾಗಿಯೇ ಮಷಿನ್‌ನಿಂದ ಇಳಿಯುವ ಪ್ರತಿ ಸ್ಪಿಂಡಲ್ ಹಿಂತುದಿಯಲ್ಲಿ, ಯಾವುದಕ್ಕೂ ತಾಗದ ಜಾಗದಲ್ಲಿ, ಆ ದಿನದ ಕ್ರಮಸಂಖ್ಯೆ ಬರೆಸುತ್ತೇನೆ. ಎಂಟು ಸ್ಪಿಂಡಲ್ ಕೆಟ್ಟ ಆ ಬೆಳಗ್ಗೆ ನಮ್ಮ ಜಾಬ್‌ಗಳ ಮೇಲೆ ನಂಬರೇ ಇರಲಿಲ್ಲ.